ಪಟ್ಟಣ ಬಿದ್ದ ರಾತ್ರಿ ಊರಿನವರಿಗೆ ಏನಾಯಿತು? ಇಂಥದ್ದನ್ನು ಇತಿಹಾಸಕಾರರು ಹೇಗೆ ಪತ್ತೆ ಹಚ್ಚುತ್ತಾರೆ?

ಗಂಜಾಂ ನಿವಾಸಿ

ರಜೆಗೆ ಬಂದ ನೆಂಟರ ದೆಸೆಯಿಂದ ಮತ್ತೊಮ್ಮೆ ಶ್ರೀರಂಗಪಟ್ಟಣದ ಕೋಟೆ ಸುತ್ತಿದ್ದಾಯಿತು. ಗೈಡುಗಳ ಬಾಯಲ್ಲಿ ಬರುವುದು ಅದೇ ಮಾತು: ಟಿಪ್ಪು ಬಿದ್ದ ಜಾಗ, ನೀರಿನ ಬಾಗಿಲು, ಮೀರ್ ಸಾದಿಕನ ದ್ರೋಹ. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಸರಿ. ಆ ರಾತ್ರಿ ಕೋಟೆಯೊಳಗಿದ್ದ ನೇಕಾರನ ಮನೆಯಲ್ಲಿ, ಅಕ್ಕಸಾಲಿಗನ ಮನೆಯಲ್ಲಿ, ಕೂಲಿಯವನ ಗುಡಿಸಿಲಿನಲ್ಲಿ ಏನಾಯಿತು? ಕೇಳಿದ್ದಕ್ಕೆ ಒಬ್ಬ ಗೈಡು, “ಲೂಟಿ ಆಯಿತು ಸಾರ್, ಯುದ್ಧ ಎಂದ ಮೇಲೆ ಆಗುತ್ತದೆ” ಎಂದು ಮುಂದಕ್ಕೆ ನಡೆದುಬಿಟ್ಟ.

ನನ್ನ ಪ್ರಶ್ನೆ ಇಷ್ಟೇ. ಗೆದ್ದ ಸೈನ್ಯ ತನ್ನ ಅಪರಾಧವನ್ನು ತಾನೇ ಬರೆದಿಡುವುದಿಲ್ಲ. ಸತ್ತವರು ಬರೆಯಲಾರರು. ಹಾಗಿದ್ದರೆ ಸೈನಿಕರು ಜನಸಾಮಾನ್ಯರ ಮೇಲೆ ನಡೆಸಿದ್ದನ್ನು ಇತಿಹಾಸಕಾರರು ಯಾವ ಆಧಾರದ ಮೇಲೆ ಹೇಳುತ್ತಾರೆ? ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಇಲ್ಲಿ ಬೇಡ.

ಸಕ್ಕರೆ ಸೀಮೆ

“ಜಗಳ ಬೇಡ” ಎಂದು ಬರೆದಿರಲ್ಲ, ಇನ್ನು ಜಗಳ ಗ್ಯಾರಂಟಿ.

ಪಾಂಡವಪುರ ಮೇಷ್ಟ್ರು

ಗೆದ್ದವರು ಬರೆದಿಡುತ್ತಾರೆ ಸ್ವಾಮಿ, ಧಾರಾಳವಾಗಿ ಬರೆದಿಡುತ್ತಾರೆ. ಸರ್ಕಾರಿ ವರದಿಯಲ್ಲಿ ಸಿಗದ್ದು ಮನೆಗೆ ಬರೆದ ಕಾಗದದಲ್ಲಿ ಸಿಗುತ್ತದೆ. ಪಟ್ಟಣದ ವಿಷಯವನ್ನೇ ತೆಗೆದುಕೊಳ್ಳಿ. ಕೋಟೆ ಬಿದ್ದ ಮರುದಿನ ಬೆಳಿಗ್ಗೆ ಊರಿನ ಉಸ್ತುವಾರಿ ವಹಿಸಿಕೊಂಡವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು. ಮೇ 8ರಂದು, ಗವರ್ನರ್ ಜನರಲ್ ಆಗಿದ್ದ ತನ್ನ ಅಣ್ಣನಿಗೆ ಅವನು ಬರೆದ ಕಾಗದ ಅಚ್ಚಾಗಿದೆ. 4ರ ರಾತ್ರಿ ನಡೆದದ್ದನ್ನು ಮೀರಿಸುವಂಥದ್ದು ಇರಲಾರದು, ಲೂಟಿಯಾಗದ ಮನೆ ಊರಿನಲ್ಲಿ ಇಲ್ಲವೆನ್ನಬೇಕು, ಬೆಲೆಬಾಳುವ ಒಡವೆಗಳನ್ನೂ ಚಿನ್ನದ ಗಟ್ಟಿಗಳನ್ನೂ ನಮ್ಮ ಸೈನಿಕರೇ ದಂಡಿನ ಬಜಾರಿನಲ್ಲಿ ಮಾರಾಟಕ್ಕೆ ಇಟ್ಟಿದ್ದಾರಂತೆ ಎಂಬುದು ಅದರ ತಾತ್ಪರ್ಯ. ನೇಣು ಹಾಕಿಸಿ, ಚಾವಟಿಯಿಂದ ಹೊಡೆಸಿ ಹತೋಟಿಗೆ ತಂದೆ ಎಂದೂ ಹೇಳಿಕೊಂಡಿದ್ದಾನೆ.

ಬರೆದವನು ಟಿಪ್ಪುವಿನ ಬಂಟನಲ್ಲ. ತನ್ನ ದಂಡಿನ ಮಾನ ಕಳೆಯುವ ಸುಳ್ಳನ್ನು ಹುಟ್ಟಿಸಿ ಹೇಳುವ ಗರಜು ಅವನಿಗೇನಿತ್ತು? ಈ ಕಾಗದಕ್ಕೆ ತೂಕ ಬಂದಿರುವುದು ಅಲ್ಲಿಂದ.

ವಕೀಲೆ, ಸರಸ್ವತಿಪುರಂ

ಮೇಷ್ಟ್ರೇ, ತನಗೇ ತೊಡಕಾಗುವ ಮಾತನ್ನು ಒಬ್ಬ ಆಡಿದರೆ ಕೋರ್ಟಿನಲ್ಲೂ ಅದಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಪಾಟೀ ಸವಾಲಿಗೆ ನಿಂತರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. 4ರ ರಾತ್ರಿ ಊರು ಅವನ ವಶದಲ್ಲಿರಲಿಲ್ಲ. ಗಲಭೆ ಎಷ್ಟು ದೊಡ್ಡದಾಗಿ ಕಂಡರೆ ಅದನ್ನು ಅಡಗಿಸಿದವನ ಹೆಸರೂ ಅಷ್ಟೇ ದೊಡ್ಡದಾಗುತ್ತದೆ. ಕಾಗದ ಹೋದದ್ದು ಯಾರಿಗೆ? ಹುದ್ದೆ ಕೊಡುವ ಅಣ್ಣನಿಗೆ. “ತನಗೆ ವಿರುದ್ಧವಾದ ಸಾಕ್ಷ್ಯ” ಎಂದು ಅಷ್ಟು ಸಲೀಸಾಗಿ ಮುದ್ರೆ ಒತ್ತಬೇಡಿ.

ಪಾಂಡವಪುರ ಮೇಷ್ಟ್ರು

ಸೊಗಸಾದ ಪ್ರಶ್ನೆ. ಆದ್ದರಿಂದಲೇ ಒಂದು ಕಾಗದವನ್ನು ನಂಬಿ ಯಾರೂ ಕೂರುವುದಿಲ್ಲ. ಅಂದು ಕೋಟೆಯೊಳಗೆ ನುಗ್ಗಿದ ಬೇರೆ ಅಧಿಕಾರಿಗಳ ದಿನಚರಿ, ನೆನಪುಗಳನ್ನು ಪಕ್ಕದಲ್ಲಿಟ್ಟು ಓದುತ್ತಾರೆ. ಅದೇ ವೆಲ್ಲೆಸ್ಲಿಯ ದಂಡು 1812ರ ಏಪ್ರಿಲಿನಲ್ಲಿ ಸ್ಪೇನಿನ ಬಾದಾಹೋಸ್ ಪಟ್ಟಣವನ್ನು ಹಿಡಿದಾಗಲೂ ದಿನಗಟ್ಟಲೆ ಸೂರೆ, ಅತ್ಯಾಚಾರ, ಕೊಲೆ ನಡೆಯಿತು. ಅಲ್ಲಿನವರು ಶತ್ರುಗಳೂ ಅಲ್ಲ, ಮಿತ್ರರಾಷ್ಟ್ರದ ಜನ. ಲಗ್ಗೆ ಹಾಕಿ ಹಿಡಿದ ಕೋಟೆಯನ್ನು ದೋಚುವುದು ತಮ್ಮ ಹಕ್ಕು ಎಂದೇ ಆ ಕಾಲದ ಸೈನಿಕರು ತಿಳಿದಿದ್ದರು. ಒಂದು ಊರಿನ ಕಥೆ ಇನ್ನೊಂದು ಊರಿನ ಕಥೆಗೆ ಬೆಳಕು ಹಿಡಿಯುವುದು ಹೀಗೆ.

ಗಂಗೋತ್ರಿ ವಿದ್ಯಾರ್ಥಿನಿ

ಲೂಟಿಯ ಹಂಚಿಕೆಯ ದಾಖಲೆಗಳೂ ಇವೆ. ಅರಮನೆಯ ಸೊತ್ತನ್ನು ಲೆಕ್ಕ ಹಾಕಲು ಸಮಿತಿಯನ್ನೇ ಮಾಡಿದ್ದರು. ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಹತ್ತು ಲಕ್ಷ ಪೌಂಡಿಗೂ ಮೀರಿದ ಮೊತ್ತವನ್ನು ಜನರಲ್‌ನಿಂದ ಹಿಡಿದು ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಹಂಚಿದರು. ಸಿಪಾಯಿಗೆ ಬಂದದ್ದು ಚಿಲ್ಲರೆ, ಆ ಮಾತು ಬಿಡಿ. ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋದದ್ದೂ ಇದೇ ದಾರಿಯಲ್ಲಿ.

ಆದರೆ ಅದೆಲ್ಲ ಅಂದಿನ ಕಾನೂನು ಒಪ್ಪಿದ ಲೂಟಿ. ಪೇಟೆಯ ಮನೆಯಿಂದ ಕಿತ್ತ ಮೂಗುತಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ದಾಖಲೆ ರಾಶಿ ಬಿದ್ದಿದೆ ಎಂದ ಮಾತ್ರಕ್ಕೆ ಗಂಜಾಂ ಅವರ ನೇಕಾರ ಅದರಲ್ಲಿ ಸಿಗುತ್ತಾನೆ ಎಂದುಕೊಳ್ಳಬೇಡಿ.

ಮಾಜಿ ಹವಾಲ್ದಾರ್

ಎಲ್ಲರೂ ಸೇರಿ ಸಿಪಾಯಿಯನ್ನು ಕಳ್ಳನನ್ನಾಗಿ ಮಾಡಿದಿರಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಎರಡು ಸಾಲು ಬರೆಯಿರಿ ಎಂದರೆ ಈ ವೇದಿಕೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ.

ಇನ್ನೊಂದು ಮಾತು. ನಾನು ರೆಜಿಮೆಂಟಿನ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಂಡವನು. ಸೈನ್ಯ ನಡೆಯುವುದೇ ಲೆಕ್ಕದ ಮೇಲೆ. ಖರ್ಚಾದ ಗುಂಡು, ಹೋದ ಗಾಡಿ, ಕೊಟ್ಟ ಆದೇಶ, ಹಾಜರಿ, ಎಲ್ಲಕ್ಕೂ ಕಾಗದ. ಕಾನೂನು ಮೀರಿದವರಿಗೆ ಕೋರ್ಟ್ ಮಾರ್ಷಲ್ ಇದೆ. ಇತಿಹಾಸಕಾರರು ಕಥೆ ಕಟ್ಟುವ ಮೊದಲು ಅದನ್ನು ಓದಲಿ.

ಗಂಗೋತ್ರಿ ವಿದ್ಯಾರ್ಥಿನಿ

ಹವಾಲ್ದಾರರೇ, ಓದುತ್ತಾರೆ, ಮತ್ತು ಆ ಲೆಕ್ಕವೇ ಅನೇಕ ಸಲ ಬಾಯಿ ಬಿಡುತ್ತದೆ. ವಿಯೆಟ್ನಾಮಿನ ಮೈ ಲಾಯ್ ಹಳ್ಳಿ, 1968ರ ಮಾರ್ಚ್ 16. ಅಮೆರಿಕದ ಸೈನ್ಯ ಮೊದಲು ಕೊಟ್ಟ ವರದಿ: 128 ಶತ್ರುಗಳು ಹತ, ವಶವಾದ ಬಂದೂಕು 3. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನೋಡಿ. 128 ಮಂದಿ ಹೋರಾಟಗಾರರು ಮೂರು ಬಂದೂಕು ಹಿಡಿದು ಸೆಣಸಿದರೇ? ಸತ್ತವರು ಹೆಂಗಸರು, ಮಕ್ಕಳು, ಮುದುಕರು. ಅಮೆರಿಕದ ತನಿಖೆ ಹೇಳಿದ್ದು 347, ಅಲ್ಲಿನ ಸ್ಮಾರಕದಲ್ಲಿರುವ ಹೆಸರುಗಳು 504.

ಅದೇ ವರ್ಷದ ಡಿಸೆಂಬರಿನಿಂದ ಮೆಕಾಂಗ್ ಮುಖಜಭೂಮಿಯಲ್ಲಿ ತಿಂಗಳುಗಟ್ಟಲೆ ನಡೆದ ‘ಸ್ಪೀಡಿ ಎಕ್ಸ್‌ಪ್ರೆಸ್’ ಕಾರ್ಯಾಚರಣೆಯ ಲೆಕ್ಕವೂ ಹಾಗೆಯೇ ಇದೆ: ಹತರಾದವರು ಸುಮಾರು 10,900, ಸಿಕ್ಕ ಆಯುಧ 748. ಸೈನ್ಯವೇ ಬರೆದ ಅಂಕಿ ಇದು, ಯಾವ ಎದುರಾಳಿಯೂ ಬರೆದದ್ದಲ್ಲ.

ಮಾಜಿ ಹವಾಲ್ದಾರ್

ಗೆರಿಲ್ಲಾ ಯುದ್ಧದಲ್ಲಿ ಸಾಯುವವನ ಬಂದೂಕನ್ನು ಪಕ್ಕದವನು ಎತ್ತಿಕೊಂಡು ಓಡುತ್ತಾನೆ. ಕೆಸರು ಗದ್ದೆಯಲ್ಲಿ ಹೂತೂ ಹೋಗುತ್ತದೆ. ಮೇಜಿನ ಮುಂದೆ ಕೂತವರಿಗೆ ಇದು ತಿಳಿಯುವುದಿಲ್ಲ.

ಗಂಗೋತ್ರಿ ವಿದ್ಯಾರ್ಥಿನಿ

ಸರಿಯಾದ ಆಕ್ಷೇಪ. ಹಾಗಾಗಿ ಆ ಅನುಪಾತ ತೀರ್ಪು ಕೊಡುವುದಿಲ್ಲ, ಎಲ್ಲಿ ಅಗೆಯಬೇಕೆಂದು ತೋರಿಸುತ್ತದೆ. ಮೈ ಲಾಯ್ ಹೊರಬಿದ್ದದ್ದು ಸೈನಿಕರಿಂದಲೇ ಎಂಬುದನ್ನೂ ಸೇರಿಸಿಕೊಳ್ಳಿ. ಕೊಲೆಯ ನಡುವೆ ಹೆಲಿಕಾಪ್ಟರ್ ಇಳಿಸಿ ಹಳ್ಳಿಗರನ್ನು ಉಳಿಸಿದ ಹ್ಯೂ ಥಾಂಪ್ಸನ್ ಸೈನಿಕ. ಜೊತೆಗಾರರಿಂದ ಕೇಳಿದ್ದನ್ನೆಲ್ಲ ಕೂಡಿಸಿ 1969ರಲ್ಲಿ ಸಂಸತ್ತಿನ ಸದಸ್ಯರಿಗೆ ಪತ್ರ ಬರೆದ ರಾನ್ ರೈಡನ್‌ಹವರ್ ಸೈನಿಕ. ಫೋಟೊ ತೆಗೆದವನೂ ಸೈನ್ಯದ ಛಾಯಾಗ್ರಾಹಕ. ಸಿಪಾಯಿಯನ್ನು ಇಲ್ಲಿ ಯಾರೂ ಕಳ್ಳ ಎನ್ನುತ್ತಿಲ್ಲ.

ಮಾಜಿ ಹವಾಲ್ದಾರ್

ಥಾಂಪ್ಸನ್ ಹೆಸರು ಹೇಳಿದ್ದಕ್ಕೆ ಸಂತೋಷ. ಅವನಿಗೆ ಪದಕ ಕೊಡಲು ಮೂವತ್ತು ವರ್ಷ ಹಿಡಿಯಿತು.

ಮೇಲುಕೋಟೆ ಮೊಮ್ಮಗಳು

ವಿಯೆಟ್ನಾಂ ಆಯಿತು, ಸ್ಪೇನ್ ಆಯಿತು. ಇಲ್ಲೇ ಮಂಡ್ಯ ಜಿಲ್ಲೆಯಲ್ಲಿರುವುದನ್ನು ಕೇಳುತ್ತೇನೆ. ನಾವು ಮಂಡಯಂ ಅಯ್ಯಂಗಾರರು. ನರಕ ಚತುರ್ದಶಿಯ ದಿನ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ನಮ್ಮವರನ್ನು ಟಿಪ್ಪುವಿನ ಕಡೆಯವರು ಅಂದು ಕೊಂದರೆಂದು ಅಜ್ಜಿ ಹೇಳುತ್ತಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದು. ಪುಸ್ತಕದಲ್ಲಿ ಇದನ್ನು ಒಬ್ಬರು ಸಾವಿರಕ್ಕೆ ಏರಿಸುತ್ತಾರೆ, ಇನ್ನೊಬ್ಬರು ಕಟ್ಟುಕಥೆ ಎಂದು ತಳ್ಳುತ್ತಾರೆ. ಅಂಗಳದಲ್ಲಿ ದೀಪ ಇಡದೆ ಕಳೆದ ಅಷ್ಟು ತಲೆಮಾರು ಸಾಕ್ಷಿಯಲ್ಲವೇ?

ಸಕ್ಕರೆ ಸೀಮೆ

ಬಂತು ನೋಡಿ.

ಕಾವೇರಿ ದಂಡೆ

1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಪರಶುರಾಮ ಭಾವುವಿನ ಮರಾಠಾ ದಂಡು. ಮಠಕ್ಕೆ ನೆರವು ಕಳಿಸಿದ್ದು ಟಿಪ್ಪು. ಅವನ ಕನ್ನಡ ಪತ್ರಗಳು ಮಠದಲ್ಲೇ ಇದ್ದವು, 1916ರಲ್ಲಿ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಇದನ್ನೂ ಹೇಳಿ ಅಮ್ಮ.

ಮೇಲುಕೋಟೆ ಮೊಮ್ಮಗಳು

ಹೇಳುತ್ತೇನೆ, ಅದಕ್ಕೇನು? ಶೃಂಗೇರಿಗೆ ಹಣ ಕಳಿಸಿದವನು ಮೇಲುಕೋಟೆಯಲ್ಲಿ ಕೊಲ್ಲಿಸಿರಲಾರ ಎಂದು ನೀವು ಹೇಳುತ್ತಿದ್ದರೆ, ಅದು ಯಾವ ಊರಿನ ತರ್ಕ?

ನಿರ್ವಾಹಕ

ಇಬ್ಬರೂ ಒಂದು ಲೋಟ ನೀರು ಕುಡಿಯಿರಿ. ಪ್ರಶ್ನೆ ವಿಧಾನದ ಬಗ್ಗೆ ಇದೆ. ಅಳಿಸಿದ ಆರೇಳು ಪ್ರತಿಕ್ರಿಯೆಗಳ ಕುರಿತು ನನಗೆ ಖಾಸಗಿ ಸಂದೇಶ ಕಳಿಸಬೇಡಿ.

ಪಾಂಡವಪುರ ಮೇಷ್ಟ್ರು

ತಾಯಿ, ನಿಮ್ಮ ಪ್ರಶ್ನೆ ಈ ಎಳೆಯಲ್ಲಿ ಬಂದ ಅತ್ಯಂತ ಕಷ್ಟದ ಪ್ರಶ್ನೆ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಒಂದು ಸಮುದಾಯ ವರ್ಷದ ದೊಡ್ಡ ಹಬ್ಬವನ್ನೇ ಬಿಟ್ಟಿದೆ ಎಂದರೆ ಅದಕ್ಕೆ ಏನೋ ಬಲವಾದ ಕಾರಣ ಇರಲೇಬೇಕು. ಅದನ್ನು ಕಟ್ಟುಕಥೆ ಎಂದು ತಳ್ಳುವುದು ಸೋಮಾರಿತನ. ಆದರೆ ಆಚರಣೆಯ ಬಾಯಿಂದ ಇಸವಿಯನ್ನೂ ತಲೆ ಎಣಿಕೆಯನ್ನೂ ಹೊರಡಿಸಲು ಹೋದರೆ ಅದು ಮೌನವಾಗುತ್ತದೆ. ಅಲ್ಲಿ ಬೇರೆ ಕಾಗದ ಬೇಕು. ಸತ್ತವರಿಗೆ ಮನೆತನಗಳಿವೆ, ಮನೆತನಗಳಿಗೆ ವಂಶಾವಳಿ ಇದೆ. ಒಂದೇ ತಲೆಮಾರಿನಲ್ಲಿ ಎಷ್ಟು ಕವಲುಗಳು ಕಡಿದು ಹೋಗಿವೆ? ಇನಾಂ ಜಮೀನುಗಳು ಯಾವಾಗ ಯಾರ ಹೆಸರಿಗೆ ಬದಲಾದವು? ದೇವಸ್ಥಾನದ ಲೆಕ್ಕದಲ್ಲಿ ಸೇವೆಯವರ ಹೆಸರು ಯಾವ ವರ್ಷ ತಪ್ಪಿತು? ಹಿನ್ನೆಲೆಯೂ ಬರಿಗಾಳಿಯಲ್ಲ. ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ನಿಮ್ಮ ಮಂಡಯಂ ಅಯ್ಯಂಗಾರರೇ ಆದ ತಿರುಮಲರಾಯರು 1782ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡದ್ದು ದಾಖಲಾಗಿದೆ. ಅವರ ಬಂಧುಬಳಗದ ಮೇಲೆ ಟಿಪ್ಪುವಿಗೆ ಸಿಟ್ಟಿರಲು ಕಾರಣವಿತ್ತು.

ಇನ್ನು ಅದೇ ಮೇಲುಕೋಟೆಗೆ ಫ್ರಾನ್ಸಿಸ್ ಬುಕಾನನ್ 1800ರ ಸುಮಾರಿಗೆ ಬಂದಿದ್ದ. ಮರಾಠಾ ದಂಡು ಅಲ್ಲಿ ಬೀಡು ಬಿಟ್ಟಾಗ ಊರನ್ನು ದೋಚಿದ್ದನ್ನೂ, ಕಬ್ಬಿಣದ ಆಸೆಗೆ ತೇರುಗಳಿಗೆ ಬೆಂಕಿ ಇಟ್ಟದ್ದನ್ನೂ ಬರೆದುಕೊಂಡಿದ್ದಾನೆ. ಬುಕಾನನ್ ಕಂಪನಿಯ ನೌಕರ, ಮರಾಠರು ಟಿಪ್ಪುವಿನ ವಿರುದ್ಧದ ಆ ಯುದ್ಧದಲ್ಲಿ ಕಂಪನಿಯ ಮಿತ್ರರು. ಮಿತ್ರರ ಮೇಲೆ ದೂರು ಬರೆದಿದ್ದಾನೆ ಎಂದರೆ ಕಿವಿಗೊಡಬೇಕು. ಅವನೇ ಟಿಪ್ಪುವಿನ ಬಗ್ಗೆ ಬರೆದದ್ದನ್ನು ಓದುವಾಗ ಇನ್ನಷ್ಟು ಎಚ್ಚರವಾಗಿರಬೇಕು. ಒಬ್ಬನೇ ಸಾಕ್ಷಿ, ಎರಡು ತೂಕ.

ಗಂಜಾಂ ನಿವಾಸಿ

ಮೇಷ್ಟ್ರೇ, ತೇರು ಸುಟ್ಟ ಸಂಗತಿ ನಾನು ಕೇಳಿಯೇ ಇರಲಿಲ್ಲ. ಹತ್ತಾರು ವೈರಮುಡಿ ನೋಡಿದ್ದೇನೆ, ಒಬ್ಬರೂ ಹೇಳಿಲ್ಲ.

ಶಾಸನಪ್ರಿಯ

ಸೋತ ಕಡೆಯವರು ಕಲ್ಲಿನಲ್ಲಿ ಬರೆಸಿದ ದೂರು ಬೇಕಾದರೆ ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಇದೆ. ಚೋಳರ ದಂಡು ಒಂಬತ್ತು ಲಕ್ಷ ಜನರೊಡನೆ ಬಂದು ನಾಡನ್ನೆಲ್ಲ ಸುಲಿದು, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದು, ಹೆಣ್ಣುಮಕ್ಕಳನ್ನು ಎಳೆದೊಯ್ದಿತೆಂದು ಚಾಲುಕ್ಯ ಸತ್ಯಾಶ್ರಯನ ಕಾಲದ ಆ ಶಾಸನ ಹೇಳುತ್ತದೆ. ಒಂಬತ್ತು ಲಕ್ಷವನ್ನು ನಂಬುವವರು ಯಾರೂ ಇಲ್ಲ. ಅಷ್ಟು ಬಾಯಿಗೆ ರಾಗಿ ಎಲ್ಲಿಂದ ತರುತ್ತಾರೆ? ಆದರೆ ಅತ್ತ ತಂಜಾವೂರಿನ ದೇವಾಲಯದ ಗೋಡೆಯಲ್ಲಿ ರಾಜರಾಜ, ಸತ್ಯಾಶ್ರಯನನ್ನು ಗೆದ್ದು ತಂದ ಹಣದಿಂದ ಚಿನ್ನದ ಹೂ ಮಾಡಿಸಿ ದೇವರಿಗೆ ಒಪ್ಪಿಸಿದೆ ಎಂದು ಬರೆಸಿದ್ದಾನೆ. ಇವರು ಸುಲಿದರು ಎನ್ನುತ್ತಾರೆ, ಅವರು ತಂದೆವು ಎನ್ನುತ್ತಾರೆ. ಸುಲಿಗೆ ನಡೆದದ್ದು ಖಚಿತವಾಯಿತು. ಕೊಲೆಯ ಮಾತಿಗೆ ಆ ಕಡೆಯಿಂದ ಸೊಲ್ಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ (ಹೆಂಗಸರ ಮೇಲೆ ಕೈಮಾಡಿದಾಗ ನಡೆದ ಕಾಳಗದಲ್ಲಿ) ಹೋರಾಡಿ ಸತ್ತವರ ವೀರಗಲ್ಲುಗಳು ಎಷ್ಟಿವೆ! ಅವುಗಳಲ್ಲಿ ಹೆಸರಿರುವುದು ಕಾದಿ ಸತ್ತವನದು ಮಾತ್ರ. ಯಾರಿಗಾಗಿ ಕಾದಿದನೋ ಆ ಹೆಂಗಸಿನ ಹೆಸರು ಇರುವುದಿಲ್ಲ.

ಸಕ್ಕರೆ ಸೀಮೆ

ನಮ್ಮ ಮದ್ದೂರು ಕಡೆಯ ಆತಕೂರಿನ ಕಲ್ಲಿನಲ್ಲಿ ನಾಯಿಯ ಹೆಸರು ಇದೆ. ಕಾಳಿ. ಹಂದಿಯೊಡನೆ ಹೋರಾಡಿ ಸತ್ತದ್ದು.

ಶಾಸನಪ್ರಿಯ

ಇದೆ, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ನಾಯಿಗೆ ಸಿಕ್ಕ ಭಾಗ್ಯ ಆ ಹೆಂಗಸರಿಗೆ ಸಿಗಲಿಲ್ಲ ಎಂದೇ ನಾನು ಹೇಳಿದ್ದು.

ಕಲಬುರಗಿಯಿಂದ ಮೈಸೂರಿಗೆ

ಹಳೆಯ ಮೈಸೂರಿನವರಿಗೆ 1948 ಎಂದರೆ ಮಹಾರಾಜರು, ಚುನಾಯಿತ ಮಂತ್ರಿಮಂಡಲ. ನಮ್ಮ ಕಡೆ ಅದು ಬೇರೆಯೇ. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ಮಾಡಿದ ಹತ್ಯಾಕಾಂಡ ನಮ್ಮ ಮನೆಮಾತು. ಹೈದರಾಬಾದನ್ನು ಸೇರಿಸಿಕೊಳ್ಳಲು ಭಾರತದ ಸೈನ್ಯ ಸೆಪ್ಟೆಂಬರಿನಲ್ಲಿ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಮುಸ್ಲಿಮರ ಮೇಲೆ ನಡೆದದ್ದನ್ನು ಮಾತ್ರ ಪಿಸುಮಾತಿನಲ್ಲಿ ಹೇಳುತ್ತಿದ್ದರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲರ ಸಮಿತಿ ಹಳ್ಳಿ ಹಳ್ಳಿ ತಿರುಗಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಕೆಲವು ಕಡೆ ಸೈನಿಕರೇ ಲೂಟಿಗೆ ಕುಮ್ಮಕ್ಕು ಕೊಟ್ಟರು ಎಂದ ಅದೇ ವರದಿ, ಬೇರೆ ಕಡೆ ಸೈನಿಕರು ಜನರನ್ನು ಕಾಪಾಡಿದ್ದನ್ನೂ ಬರೆದಿದೆ. ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ.

ಹವಾಲ್ದಾರರು ಬೇಸರ ಮಾಡಿಕೊಳ್ಳಬಾರದು. ಎರಡು ವಾಕ್ಯವೂ ಒಂದೇ ವರದಿಯಲ್ಲಿವೆ.

ಮಾಜಿ ಹವಾಲ್ದಾರ್

ಬೇಸರ ಇದೆ. ಆದರೆ ಎರಡನ್ನೂ ಬರೆದಿದ್ದೀರಿ, ಅದಕ್ಕೆ ಸುಮ್ಮನಿದ್ದೇನೆ.

ಕಾವೇರಿ ದಂಡೆ

27,000ದಿಂದ 40,000 ಎಂದರೆ ಏನು ಅಂದಾಜು? 13,000 ಜನರ ವ್ಯತ್ಯಾಸ. 1971ರ ಬಾಂಗ್ಲಾದೇಶದ್ದು ಇನ್ನೂ ಸೊಗಸು: ಅವರು 30 ಲಕ್ಷ ಎನ್ನುತ್ತಾರೆ, ಪಾಕಿಸ್ತಾನದ ಹಮೂದುರ್ ರಹಮಾನ್ ಆಯೋಗ ತಮ್ಮ ಸೈನ್ಯ ಕೊಟ್ಟ 26,000ದ ಲೆಕ್ಕವನ್ನು ಹಿಡಿಯಿತು. ಇದು ಇತಿಹಾಸವೋ ಹರಾಜೋ?

ಅಂಕಿಸಂಖ್ಯೆ

ಎಣಿಕೆಗೆ ಒಂದು ವಿದ್ಯೆ ಇದೆ. ಕೆರೆಯಲ್ಲಿ ಮೀನೆಷ್ಟು ಎಂದು ತಿಳಿಯಲು ಒಂದಷ್ಟು ಹಿಡಿದು ಗುರುತು ಹಾಕಿ ಬಿಡುತ್ತಾರೆ, ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಬಂದವು ಎಂದು ನೋಡುತ್ತಾರೆ. ಇಲ್ಲಿ ಬಲೆ ಎಂದರೆ ಪಟ್ಟಿ. ಚರ್ಚಿನವರು ಮಾಡಿದ ಸತ್ತವರ ಪಟ್ಟಿ, ಮಾನವ ಹಕ್ಕಿನವರು ಮಾಡಿದ ಪಟ್ಟಿ, ಸರ್ಕಾರದ ಪಟ್ಟಿ. ಒಂದೇ ಹೆಸರು ಎರಡು ಮೂರು ಪಟ್ಟಿಗಳಲ್ಲಿ ಪದೇ ಪದೇ ಬಂದರೆ ಹೊರಗುಳಿದವರು ಕಡಿಮೆ. ಪಟ್ಟಿಗಳು ಒಂದಕ್ಕೊಂದು ತಗುಲದಿದ್ದರೆ ಯಾರ ಬಲೆಗೂ ಬೀಳದವರು ಬಹಳ. ಗ್ವಾಟೆಮಾಲ, ಪೆರು, ಕೊಸೊವೊಗಳಲ್ಲಿ ಹೀಗೆ ಲೆಕ್ಕ ಹಾಕಿದ್ದಾರೆ.

ಹೆಸರು ಹೆಸರಾಗಿ ಎಣಿಸುವುದು ಇನ್ನೂ ಗಟ್ಟಿ. ಬಾಸ್ನಿಯಾ ಯುದ್ಧದಲ್ಲಿ ಸತ್ತವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಜಗತ್ತೆಲ್ಲ ಹೇಳುತ್ತಿತ್ತು. ಸರಾಯೆವೊದ ಸಂಶೋಧಕರು ಒಬ್ಬೊಬ್ಬರ ಹೆಸರು, ಊರು, ದಿನ ಸೇರಿಸುತ್ತಾ ಹೋದಾಗ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಅವರಿಗೆ ತಮ್ಮವರಿಂದಲೇ ಬೈಗುಳ ಬಿತ್ತು. ಇಳಿದ ಸಂಖ್ಯೆ ಅಪರಾಧವನ್ನು ಇಳಿಸಲಿಲ್ಲ. 1995ರ ಜುಲೈನಲ್ಲಿ ಅಲ್ಲಿನ ಸ್ರೆಬ್ರೆನಿತ್ಸಾದಲ್ಲಿ ಕೊಲೆಯಾದವರ ಮೂಳೆಗಳನ್ನು ಸಾಕ್ಷ್ಯ ಅಡಗಿಸಲೆಂದು ಯಂತ್ರದಿಂದ ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರು. ಒಬ್ಬನೇ ಮನುಷ್ಯನ ಮೂಳೆ ಹಲವು ಗುಂಡಿಗಳಲ್ಲಿ. ಬಂಧುಗಳ ರಕ್ತದ ಡಿಎನ್‌ಎಗೆ ತಾಳೆ ನೋಡಿ ಏಳು ಸಾವಿರದಷ್ಟು ಜನರನ್ನು ಗುರುತಿಸಿದರು. ಇನ್ನು ಅದನ್ನು ಹರಾಜು ಎನ್ನಿ ನೋಡೋಣ.

ವಕೀಲೆ, ಸರಸ್ವತಿಪುರಂ

ಏರಿಸಿ ಹೇಳುವುದರ ಕೇಡನ್ನು ನಾನು ಸೇರಿಸುತ್ತೇನೆ. 1914ರಲ್ಲಿ ಬೆಲ್ಜಿಯಂ ಹೊಕ್ಕ ಜರ್ಮನ್ ಸೈನ್ಯ ಊರಿನವರು ಮರೆಯಿಂದ ಗುಂಡು ಹಾರಿಸುತ್ತಾರೆ ಎಂಬ ಭ್ರಮೆಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಕೊಂದಿತು, ಲೂವೆನ್‌ನ ಗ್ರಂಥಾಲಯ ಸುಟ್ಟಿತು. ಬ್ರಿಟನ್ 1915ರಲ್ಲಿ ಹೊರಡಿಸಿದ ಬ್ರೈಸ್ ವರದಿಯಲ್ಲಿ ಪ್ರಮಾಣ ಮಾಡಿಸದ, ಹೆಸರಿಲ್ಲದ ಸಾಕ್ಷಿಗಳ ಮೈ ನಡುಗಿಸುವ ಕಥೆಗಳೂ ಸೇರಿಕೊಂಡವು. ಯುದ್ಧ ಮುಗಿದ ಮೇಲೆ ಆ ಕಥೆಗಳು ಬಿದ್ದುಹೋದವು, ಅವುಗಳ ಜೊತೆ ನಿಜವಾಗಿ ಸತ್ತವರೂ “ಪ್ರಚಾರ” ಎಂಬ ಬುಟ್ಟಿಗೆ ಬಿದ್ದರು. ಹಾರ್ನ್ ಮತ್ತು ಕ್ರೇಮರ್ ಎಂಬ ಇತಿಹಾಸಕಾರರು ಜರ್ಮನ್ ಸೈನಿಕರ ದಿನಚರಿಗಳನ್ನೂ ಊರಿನ ದಾಖಲೆಗಳನ್ನೂ ಕೂಡಿಸಿ ಸತ್ತ ಜನಸಾಮಾನ್ಯರು ಬೆಲ್ಜಿಯಂ, ಫ್ರಾನ್ಸ್ ಎರಡೂ ಸೇರಿ ಸುಮಾರು 6,500 ಎಂದು ತೋರಿಸುವ ಹೊತ್ತಿಗೆ ಎಂಬತ್ತು ವರ್ಷ ಕಳೆದಿತ್ತು.

ಫೋಟೊ ಇದ್ದರೆ ಸಾಕು ಎನ್ನುವವರಿಗೂ ಒಂದು ಮಾತು. 1995ರಲ್ಲಿ ಹ್ಯಾಂಬರ್ಗಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೈನ್ಯದ ಅಪರಾಧಗಳ ಪ್ರದರ್ಶನ ಶುರುವಾಯಿತು, ಊರೂರು ಸುತ್ತಿತು. ಕೆಲವು ಚಿತ್ರಗಳಲ್ಲಿರುವ ಹೆಣಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದು ಎಂದು ಪೋಲೆಂಡ್, ಹಂಗೇರಿ ಮೂಲದ ಇಬ್ಬರು ಇತಿಹಾಸಕಾರರು ತೋರಿಸಿದಾಗ 1999ರಲ್ಲಿ ಬಾಗಿಲು ಹಾಕಬೇಕಾಯಿತು. ತಜ್ಞರ ಸಮಿತಿ ನೋಡಿದಾಗ 1,400ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಲ್ಲಿಗೆ ಸಲ್ಲದವು ಇಪ್ಪತ್ತಕ್ಕಿಂತ ಕಡಿಮೆ. ಮೂಲ ವಾದ ನಿಂತಿತು. ಆದರೆ ಆ ಇಪ್ಪತ್ತನ್ನೇ ಹಿಡಿದು ಎಲ್ಲವೂ ಸುಳ್ಳು ಎನ್ನುವವರಿಗೆ ಹಬ್ಬವಾಯಿತು.

ಕಾವೇರಿ ದಂಡೆ

ದಾಖಲೆಯನ್ನೇ ಸುಟ್ಟರೆ? 1945ರ ಆಗಸ್ಟಿನಲ್ಲಿ ಜಪಾನಿನವರು ಸುಟ್ಟರಲ್ಲ.

ಪಾಂಡವಪುರ ಮೇಷ್ಟ್ರು

ಸುಟ್ಟರು. ಎಲ್ಲವನ್ನೂ ಸುಡಲು ಆಗಲಿಲ್ಲ. ಕೊರಿಯಾದ ಕಿಮ್ ಹಾಕ್ ಸುನ್ ಎಂಬ ವೃದ್ಧೆ 1991ರಲ್ಲಿ ತಮ್ಮನ್ನು ಸೈನ್ಯದ ಲೈಂಗಿಕ ಗುಲಾಮಗಿರಿಗೆ ದೂಡಿದ್ದನ್ನು ಬಹಿರಂಗವಾಗಿ ಹೇಳಿದರು. ಯೋಶಿಮಿ ಎಂಬ ಇತಿಹಾಸಕಾರ ಟೋಕಿಯೊದ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಅದಕ್ಕೆ ಸೈನ್ಯದ ನಂಟು ತೋರಿಸುವ ಕಾಗದಗಳನ್ನು ಹುಡುಕಿ 1992ರ ಜನವರಿಯಲ್ಲಿ ಪ್ರಕಟಿಸಿದರು. ಬಾಯಿಮಾತು ಮೊದಲು, ಕಾಗದ ಆಮೇಲೆ. ಜಪಾನಿನ ಯುದ್ಧಾಪರಾಧಗಳ ಟೋಕಿಯೊ ವಿಚಾರಣೆಯಲ್ಲಿ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದು ಬರೆದ ನಮ್ಮ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಕೂಡ ಚೀನಾದ ನಾನ್‌ಜಿಂಗ್‌ನಲ್ಲಿ ಕ್ರೌರ್ಯ ನಡೆದದ್ದನ್ನು ಅಲ್ಲಗಳೆಯಲಿಲ್ಲ. ಅವರನ್ನು ಹೊಗಳುವವರು ಆ ಪುಟವನ್ನು ಹಾರಿಸಿಬಿಡುತ್ತಾರೆ.

ಗಂಜಾಂ ನಿವಾಸಿ

ನನ್ನ ನೇಕಾರ ಇನ್ನೂ ಸಿಕ್ಕಿಲ್ಲ. ಎಲ್ಲಿಂದ ಹುಡುಕಲಿ?

ಗಂಗೋತ್ರಿ ವಿದ್ಯಾರ್ಥಿನಿ

ಮೈಸೂರಿನಲ್ಲಿರುವ ಪತ್ರಾಗಾರದ ವಿಭಾಗೀಯ ಕಚೇರಿಯಿಂದ ಶುರು ಮಾಡಿ. ಬುಕಾನನ್ ಪಟ್ಟಣದ ಬಗ್ಗೆ ಬರೆದ ಪುಟಗಳನ್ನು ಮೊದಲೇ ಓದಿಕೊಂಡು ಹೋಗಿ, ಯಾವ ಪೇಟೆ, ಯಾವ ಕಸುಬು ಎಂದು ಕೇಳಲು ಅನುಕೂಲ. 1799ರ ನಂತರ ಪಟ್ಟಣ ಬಿಟ್ಟು ಮೈಸೂರಿಗೆ ಬಂದ ಮನೆತನಗಳಲ್ಲಿ ಹಳೆಯ ಕಡತಗಳಿರಬಹುದು. ಗಂಜಾಂನಲ್ಲೇ ಹಿರಿಯರು ಇದ್ದಾರಲ್ಲ, ಅವರನ್ನು ಕೇಳಿದಿರಾ?

ಗಂಜಾಂ ನಿವಾಸಿ

ನಮ್ಮ ಬೀದಿಯಲ್ಲೇ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಒಡವೆ ಹೂತಿಟ್ಟ ಕಥೆ ಏನೋ ಹೇಳುತ್ತಾರೆ. ಈ ಭಾನುವಾರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಲ್ಲೇ ಹಾಕಲೇ?

ವಕೀಲೆ, ಸರಸ್ವತಿಪುರಂ

ಇಲ್ಲಿ ಹಾಕಬೇಡಿ. ಮೊದಲು ಅವರ ಒಪ್ಪಿಗೆ, ಮನೆಯವರ ಒಪ್ಪಿಗೆ. “ಲೂಟಿ ಆಯಿತಂತೆ, ಹೌದೇ?” ಎಂದು ನೀವೇ ಬಾಯಿಗೆ ಮಾತು ಹಾಕಬೇಡಿ, ಅವರು ಹೇಳುವಷ್ಟು ಹೇಳಲಿ. ಯಾರಿಂದ ಕೇಳಿದ್ದು, ಆಗ ಅವರಿಗೆ ಎಷ್ಟು ವಯಸ್ಸು, ಬೇರೆ ಮನೆಯವರೂ ಇದೇ ಕಥೆ ಹೇಳುತ್ತಾರೆಯೇ, ಅಷ್ಟನ್ನು ಬರೆದುಕೊಳ್ಳಿ. ಒಡವೆ ಹೂತ ಜಾಗ ಎಲ್ಲಿ ಎಂದು ಮಾತ್ರ ಕೇಳಬೇಡಿ, ನಾಳೆ ಆ ಅಜ್ಜಿಯ ಹಿತ್ತಿಲಲ್ಲಿ ಗುದ್ದಲಿ ಹಿಡಿದವರು ನಿಂತಿರುತ್ತಾರೆ.